ಡೈಕ್‌ಸ್ಟ್ರಾ, ಎಡ್ಸ್‌ಗರ್ ವೈಬ

ನೆದರ್ಲೆಂಡ್ಸಿನ ಗಣಕವಿಜ್ಞಾನಿ (1930–2002). ಒಂದೂರಿನಿಂದ ಇನ್ನೊಂದೂರಿಗೆ ಅತಿ ಹತ್ತಿರದ ದಾರಿ ಯಾವುದೆಂದು ಲೆಕ್ಕಹಾಕುವ ಅಲ್ಗಾರಿದಮ್ಮಿನಿಂದ ಹೆಸರಾದವ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದುವವರು ಅಲ್ಗಾರಿದಮ್ಮುಗಳ ಪಠ್ಯದಲ್ಲಿ ಒಮ್ಮೆ, ಆಪರೇಟಿಂಗ್ ಸಿಸ್ಟಮ್ ಪಠ್ಯದಲ್ಲಿ ಮತ್ತೆ ಮತ್ತೆ ಈತನನ್ನು ಎದುರುಗೊಳ್ಳುತ್ತಾರೆ. ಹೆಸರಿನ ಉಚ್ಚಾರಣೆ ಮಾತ್ರ ಕಾಲೇಜಿಗೊಂದು ಬಗೆ. ಹೆಸರು ತಂದ ಆ ಅಲ್ಗಾರಿದಮ್ ಈತನಿಗೆ ಇಪ್ಪತ್ತು ನಿಮಿಷದ ಕೆಲಸ. ಮಿಕ್ಕ ಐವತ್ತು ವರ್ಷ ಬೆನ್ನುಹತ್ತಿದ್ದು ಒಂದೇ ಪ್ರಶ್ನೆಯನ್ನು: ತಾನು ಬರೆದ ಪ್ರೋಗ್ರಾಂ ಸರಿಯಾಗಿದೆ ಎಂಬುದು ಬರೆದವನಿಗೆ ಹೇಗೆ ಗೊತ್ತು?

ಜನನ 1930ರ ಮೇ 11ರಂದು, ಬಂದರು ನಗರ ರಾಟರ್‌ಡ್ಯಾಮಿನಲ್ಲಿ. ನಾಲ್ವರು ಮಕ್ಕಳಲ್ಲಿ ಮೂರನೆಯವ. ತಂದೆ ರಸಾಯನವಿಜ್ಞಾನಿ, ಹೈಸ್ಕೂಲು ಮೇಷ್ಟ್ರು. ಡಚ್ ರಸಾಯನ ಸಂಘದ ಅಧ್ಯಕ್ಷನೂ ಆಗಿದ್ದ. ತಾಯಿ ಗಣಿತಜ್ಞೆ, ಉದ್ಯೋಗಕ್ಕೆ ಹೋದವಳಲ್ಲ. ಮಗನಲ್ಲಿ ಅಚ್ಚೊತ್ತಿದ್ದು ತಾಯಿಯ ಗಣಿತವೇ. ತ್ರಿಕೋನಮಿತಿ ಕಷ್ಟವೇ ಎಂದು ಹುಡುಗ ಕೇಳಿದಾಗ, ಸೂತ್ರಗಳನ್ನೆಲ್ಲ ಚೆನ್ನಾಗಿ ಕಲಿತುಕೋ, ಆಮೇಲೆ ಒಂದು ಲೆಕ್ಕಕ್ಕೆ ಐದು ಸಾಲಿಗಿಂತ ಹೆಚ್ಚು ಹಿಡಿಯಿತೆಂದರೆ ದಾರಿ ತಪ್ಪಿದ್ದೀಯೆ ಅಂತ ತಿಳಿ ಎಂದಳಂತೆ. ವಯಸ್ಸಾದ ಮೇಲೆ ಸಂದರ್ಶನವೊಂದರಲ್ಲಿ ಈತ ಇದನ್ನು ನೆನೆದಿದ್ದಾನೆ. ಈತನ ಬರಹ ಓದಿದವರಿಗೆ ಆ ಐದು ಸಾಲಿನ ಕಟ್ಟಳೆ ಎಲ್ಲೆಲ್ಲೂ ಕಾಣುತ್ತದೆ.

ಶಾಲೆಯಲ್ಲಿದ್ದಾಗ ಕಾನೂನು ಓದಿ ವಿಶ್ವಸಂಸ್ಥೆಯಲ್ಲಿ ದೇಶವನ್ನು ಪ್ರತಿನಿಧಿಸಬೇಕೆಂಬ ಆಸೆ ಇತ್ತು. ಆದರೆ ಗಣಿತ, ವಿಜ್ಞಾನಗಳಲ್ಲಿ ಬಂದ ಅಂಕಗಳು ಲೈಡನ್ ವಿಶ್ವವಿದ್ಯಾಲಯದ ಕಡೆ ತಿರುಗಿಸಿದವು. ಅಲ್ಲಿ ಸೈದ್ಧಾಂತಿಕ ಭೌತವಿಜ್ಞಾನ ಓದುತ್ತಿದ್ದಾಗ, 1951ರಲ್ಲಿ, ಕೇಂಬ್ರಿಜ್‌ನಲ್ಲಿ ಎಡ್ಸಾಕ್ ಯಂತ್ರಕ್ಕೆ ಪ್ರೋಗ್ರಾಂ ಬರೆಯುವುದನ್ನು ಕಲಿಸುವ ಮೂರು ವಾರದ ತರಬೇತಿಯ ಜಾಹೀರಾತು ತಂದೆಯ ಕಣ್ಣಿಗೆ ಬಿತ್ತು. ಮಗ ಹೋಗಿಬಂದ. ಸುದ್ದಿ ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದ ಆಡ್ರಿಯಾನ್ ವಾನ್ ವೈನ್‌ಗಾರ್ಡನ್‌ಗೆ ಮುಟ್ಟಿತು. ಆತ ಕೆಲಸ ಕೊಟ್ಟ. 1952ರ ಮಾರ್ಚಿನಲ್ಲಿ ಸೇರಿದ ಡೈಕ್‌ಸ್ಟ್ರಾ ಪ್ರೋಗ್ರಾಮರ್ ಎಂಬ ಹುದ್ದೆ ಪಡೆದ ಮೊದಲ ಡಚ್ಚಿಗನಾದ.

ಮೂರು ವರ್ಷ ಎರಡು ದೋಣಿಯಲ್ಲಿ ಕಾಲಿಟ್ಟೇ ಇದ್ದ. ಭೌತವಿಜ್ಞಾನಕ್ಕೆ ಶತಮಾನಗಳ ಬುನಾದಿ ಇದೆ. ಪ್ರೋಗ್ರಾಮಿಂಗಿಗೆ ಏನಿದೆ, ನಿನಗೇನು ಗೊತ್ತು ಎಂದು ಯಾರಾದರೂ ಕೇಳಿದರೆ ಬರಿಗೈ ತೋರಿಸಬೇಕಲ್ಲ ಎಂಬ ಅಳುಕು. 1955ರಲ್ಲಿ ವಾನ್ ವೈನ್‌ಗಾರ್ಡನ್‌ನ ಬಾಗಿಲು ತಟ್ಟಿ ಇದನ್ನು ಹೇಳಿಕೊಂಡ. ಬುನಾದಿ ಇನ್ನೂ ಬಿದ್ದಿಲ್ಲ ಎಂಬುದನ್ನು ಹಿರಿಯ ಒಪ್ಪಿದ. ಆದರೆ ಗಣಕಗಳು ಹೋಗುವುದಕ್ಕೆ ಬಂದವಲ್ಲ, ಈ ಕಸುಬಿಗೆ ಮರ್ಯಾದೆ ತರುವ ಕೆಲಸ ನಿನ್ನ ಪಾಲಿಗೇ ಯಾಕೆ ಬರಬಾರದು ಎಂದು ಕೇಳಿದ. ಡೈಕ್‌ಸ್ಟ್ರಾ ತೀರ್ಮಾನ ಮಾಡಿದ್ದು ಆ ಮಾತಿನ ಮೇಲೆ. 1957ರಲ್ಲಿ ಮದುವೆಯಾದಾಗ ನೋಂದಣಿ ಕಚೇರಿಯವರು ಕಸುಬು ಏನೆಂದು ಕೇಳಿದರು. ಪ್ರೋಗ್ರಾಮರ್ ಎಂದ. ಅಂಥ ಕಸುಬೇ ಇಲ್ಲ ಎಂದು ಅವರು ಒಪ್ಪದೆ, ದಾಖಲೆಯಲ್ಲಿ ಸೈದ್ಧಾಂತಿಕ ಭೌತವಿಜ್ಞಾನಿ ಎಂದು ಬರೆಯಬೇಕಾಯಿತು. ವಧು ರಿಯಾ ಡೆಬೆಟ್ಸ್ ಅದೇ ಗಣಿತ ಕೇಂದ್ರದಲ್ಲಿ ಕೈಯಿಂದ ಲೆಕ್ಕ ಮಾಡುವ ಹುಡುಗಿಯರ ತಂಡದಲ್ಲಿದ್ದವಳು.

ಗಣಿತ ಕೇಂದ್ರದ ಕೆಲಸದ ರೀತಿಯನ್ನು ಇಲ್ಲಿ ತುಸು ಗಮನಿಸಬೇಕು. ಈತನ ಮುಂದಿನ ಹಟಗಳೆಲ್ಲ ಅಲ್ಲಿಂದ ಹುಟ್ಟಿದವು. ಬ್ರಾಮ್ ಲೂಪ್‌ಸ್ಟ್ರಾ, ಕಾರೆಲ್ ಸ್ಕೋಲ್ಟನ್ ಇಬ್ಬರೂ ಯಂತ್ರ ಕಟ್ಟುವವರು. ಡೈಕ್‌ಸ್ಟ್ರಾ ಅದಕ್ಕೆ ಪ್ರೋಗ್ರಾಂ ಬರೆಯುವವ. ಯಂತ್ರ ಏನೇನು ಮಾಡಬಲ್ಲದು ಎಂಬುದನ್ನು ಮೊದಲೇ ಕಾಗದದ ಮೇಲೆ ಒಪ್ಪಿಕೊಂಡು ಎರಡೂ ಕಡೆ ಏಕಕಾಲಕ್ಕೆ ಕೆಲಸ ಶುರುವಾಗುತ್ತಿತ್ತು. ಹೀಗಾಗಿ ಈತ ಬರೆದದ್ದು ಇನ್ನೂ ಹುಟ್ಟದ ಯಂತ್ರಕ್ಕೆ. ಓಡಿಸಿ ನೋಡೋಣ ಎಂದರೆ ಯಂತ್ರವೇ ಇಲ್ಲ. ಬರೆದದ್ದು ಸರಿಯೋ ತಪ್ಪೋ ಎಂಬುದನ್ನು ಯೋಚಿಸಿಯೇ ತೀರ್ಮಾನಿಸಬೇಕಿತ್ತು. ಪ್ರೋಗ್ರಾಂ ಬರೆದು, ಓಡಿಸಿ, ತಪ್ಪು ಹುಡುಕಿ, ತೇಪೆ ಹಾಕುವ ಅಭ್ಯಾಸ ಈತನಿಗೆ ಅಂಟಲೇ ಇಲ್ಲ.

1956ರಲ್ಲಿ ಆರ್ಮಾಕ್ ಎಂಬ ಹೊಸ ಯಂತ್ರದ ಉದ್ಘಾಟನೆ. ನೋಡಲು ಬರುವವರು ಗಣಿತ ಬಲ್ಲವರಲ್ಲ. ಪ್ರಶ್ನೆಯೂ ಉತ್ತರವೂ ಅವರಿಗೆ ತಿಳಿಯುವಂತಿರಬೇಕು. ರಾಟರ್‌ಡ್ಯಾಮಿನಿಂದ ಗ್ರೋನಿಂಗನ್‌ಗೆ ಹತ್ತಿರದ ದಾರಿ ಯಾವುದು ಎಂಬ ಬಗೆಯ ಪ್ರಶ್ನೆ ಆಗಬಹುದು ಎನಿಸಿತು. ಒಂದು ಬೆಳಿಗ್ಗೆ ಭಾವೀ ಪತ್ನಿಯೊಂದಿಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಂಗಡಿ ಸುತ್ತಿ, ದಣಿದು ಕೆಫೆಯೊಂದರ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತಾಗ ಅಲ್ಗಾರಿದಮ್ ಹೊಳೆಯಿತು. ಕೈಯಲ್ಲಿ ಕಾಗದ, ಪೆನ್ನು ಇರಲಿಲ್ಲ. ಇಲ್ಲದ್ದರಿಂದಲೇ ಜಟಿಲವಾದದ್ದನ್ನೆಲ್ಲ ದೂರವಿಡಬೇಕಾಯಿತು, ಅದು ಇಷ್ಟು ಸರಳವಾಗಿ ಬಂತು ಎಂದು ಮುಂದೆ ಹೇಳಿದ. ಪ್ರದರ್ಶನಕ್ಕೆ ನಕ್ಷೆಯಲ್ಲಿ ಆರಿಸಿದ ಊರುಗಳು 64. ಆರು ಬಿಟ್‌ಗಳಲ್ಲಿ ಗುರುತಿಸಬಹುದಾದದ್ದು ಅಷ್ಟೇ.

ಅಲ್ಗಾರಿದಮ್ ಇಷ್ಟು. ಹೊರಡುವ ಊರಿನ ದೂರ ಸೊನ್ನೆ; ಅದು ನಿಶ್ಚಿತ. ಅದರಿಂದ ನೇರ ರಸ್ತೆ ಇರುವ ಊರುಗಳಿಗೆ ತಾತ್ಕಾಲಿಕ ದೂರವನ್ನು ಬರೆದುಕೊಳ್ಳಿ. ತಾತ್ಕಾಲಿಕ ದೂರಗಳಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಆ ಊರನ್ನು ನಿಶ್ಚಿತವೆಂದು ಗುರುತು ಹಾಕಿ, ಅದರ ಮೂಲಕ ಹಾದರೆ ನೆರೆಯ ಊರುಗಳು ಹತ್ತಿರವಾಗುತ್ತವೆಯೇ ಎಂದು ನೋಡಿ, ಆದರೆ ಅಂಕಿಯನ್ನು ತಿದ್ದಿ. ಹೊರಟ ಊರಿನಿಂದ ಅ ಎಂಬ ಊರಿಗೆ ನೇರವಾಗಿ 10 ಮೈಲಿ, ಬ ಎಂಬ ಊರಿಗೆ 3 ಮೈಲಿ, ಬ-ದಿಂದ ಅ-ಗೆ 4 ಮೈಲಿ ಎಂದಿಟ್ಟುಕೊಳ್ಳಿ. ಮೊದಲು ಬ ನಿಶ್ಚಿತವಾಗುತ್ತದೆ. ಅದರ ಮೂಲಕ ಹೋದರೆ ಏಳೇ ಮೈಲಿ ಆದ್ದರಿಂದ ಅ-ದ 10 ಹೋಗಿ 7 ಬರುತ್ತದೆ. ಗುರಿಯ ಊರು ನಿಶ್ಚಿತವಾಗುವ ತನಕ ಇದೇ ಆವರ್ತನೆ. ಎಲ್ಲಕ್ಕಿಂತ ಕಡಿಮೆ ಅಂಕಿಯ ಊರನ್ನು ಧೈರ್ಯವಾಗಿ ನಿಶ್ಚಿತ ಎನ್ನಬಹುದೇಕೆ? ಅದಕ್ಕೆ ಇನ್ನೂ ಹತ್ತಿರದ ದಾರಿ ಇದ್ದರೆ ಅದು ಗುರುತು ಹಾಕದ ಬೇರೊಂದು ಊರನ್ನು ಹಾಯಬೇಕು. ಆ ಊರೇ ಇದಕ್ಕಿಂತ ದೂರ ಅಥವಾ ಇಷ್ಟೇ ದೂರ. ರಸ್ತೆಯ ಉದ್ದ ಋಣಸಂಖ್ಯೆಯಾಗದ ತನಕ ಈ ವಾದ ಕೆಡುವುದಿಲ್ಲ. ತಾಯಿ ಹೇಳಿದ ಐದು ಸಾಲಿನೊಳಗೆ ಮುಗಿಯುವ ಪುರಾವೆ.

ಇದನ್ನು ಪ್ರಕಟಿಸಬೇಕೆಂದು ಮೂರು ವರ್ಷ ಅನಿಸಲಿಲ್ಲ. 1959ರಲ್ಲಿ ನ್ಯೂಮರಿಷೆ ಮಾಥೆಮಾಟಿಕ್ ಎಂಬ ಪತ್ರಿಕೆಯ ಮೊದಲ ಸಂಪುಟದಲ್ಲಿ ಮೂರು ಪುಟದ ಟಿಪ್ಪಣಿಯಾಗಿ ಅಚ್ಚಾಯಿತು. ಅದೇ ಟಿಪ್ಪಣಿಯಲ್ಲಿ ಇನ್ನೊಂದು ಅಲ್ಗಾರಿದಮ್ಮೂ ಇದೆ: ಆರ್ಮಾಕ್ ನಂತರದ ಎಕ್ಸ್1 ಯಂತ್ರದ ಹಿಂಬದಿಯ ಫಲಕದಲ್ಲಿ ಬಿಂದುಗಳನ್ನೆಲ್ಲ ಅತಿ ಕಡಿಮೆ ತಾಮ್ರದ ತಂತಿಯಲ್ಲಿ ಜೋಡಿಸುವುದು ಹೇಗೆ ಎಂಬುದಕ್ಕೆ. ಇದನ್ನು ಯಾರ್ನಿಕ್, ಪ್ರಿಮ್ ಎಂಬಿಬ್ಬರು ಬೇರೆ ಬೇರೆಯಾಗಿ ಮೊದಲೇ ಕಂಡುಕೊಂಡಿದ್ದರು. ಹತ್ತಿರದ ದಾರಿಯ ಅಲ್ಗಾರಿದಮ್ ಇವತ್ತು ಇಂಟರ್ನೆಟ್ಟಿನ ರೂಟರುಗಳು ಬಳಸುವ ಓಎಸ್‌ಪಿಎಫ್ ವಿಧಾನದ ತಿರುಳಾಗಿದೆ. 1968ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯವರು ರೂಪಿಸಿದ ಎ-ಸ್ಟಾರ್ ವಿಧಾನವೂ ಇದರ ಬೆಳವಣಿಗೆ.

ಎಕ್ಸ್1 ಯಂತ್ರ ಈತನಿಗೆ ಮೊದಲ ಸಲ ದಿಗಿಲು ಹುಟ್ಟಿಸಿತು. ಅದರಲ್ಲಿ ಇಂಟರಪ್ಟ್ ಸೌಲಭ್ಯ ಇರಬೇಕೆಂದು ಲೂಪ್‌ಸ್ಟ್ರಾ, ಸ್ಕೋಲ್ಟನ್ ಬಯಸಿದರು. ಪ್ರಿಂಟರಿನಂಥ ಸಲಕರಣೆ ತನ್ನ ಕೆಲಸ ಮುಗಿದೊಡನೆ ಗಣಕವನ್ನು ನಡುವೆ ತಡೆದು ಗಮನ ಸೆಳೆಯಬಹುದು. ಕಾಯುತ್ತ ಹೊತ್ತು ಹಾಳಾಗದು. ಆದರೆ ತಡೆ ಯಾವ ಕ್ಷಣದಲ್ಲಿ ಬರುತ್ತದೆಂದು ಹೇಳುವಂತಿಲ್ಲ. ಒಮ್ಮೆ ತಪ್ಪಿದ ಪ್ರೋಗ್ರಾಂ ಎರಡನೆಯ ಸಲ ಅದೇ ತಪ್ಪು ಮಾಡಬೇಕೆಂದಿಲ್ಲ. ಪರೀಕ್ಷೆಗೆ ಸಿಗದ ತಪ್ಪನ್ನು ಹಿಡಿಯುವುದೆಂತು? ಡೈಕ್‌ಸ್ಟ್ರಾ ಕೆಲವು ತಿಂಗಳು ಒಪ್ಪದೆ ಎಳೆದಾಡಿದ. ಕೊನೆಗೆ ಒಪ್ಪಿ ಬರೆದ ಪ್ರೋಗ್ರಾಮೇ 1959ರ ಡಾಕ್ಟರೇಟ್ ಪ್ರಬಂಧದ ವಸ್ತುವಾಯಿತು.

ಮರುವರ್ಷ ಆಲ್ಗಾಲ್ 60 ಭಾಷೆ. ಒಂದು ಪ್ರೊಸೀಜರ್ ತನ್ನನ್ನು ತಾನೇ ಕರೆದುಕೊಳ್ಳಬಹುದೇ ಎಂಬುದರ ಬಗ್ಗೆ ಭಾಷೆಯ ಸಮಿತಿಯಲ್ಲಿ ಒಮ್ಮತವಿರಲಿಲ್ಲ. ವರದಿ ಅಂತಿಮವಾಗುವ ಹೊತ್ತಿಗೆ ಆಮ್‌ಸ್ಟರ್‌ಡ್ಯಾಮಿನಿಂದ ಸಂಪಾದಕ ಪೀಟರ್ ನೌರ್‌ಗೆ ದೂರವಾಣಿ ಕರೆ ಹೋಯಿತು. ಒಂದು ಸಣ್ಣ ವಾಕ್ಯ ಸೇರಿತು. ರಿಕರ್ಷನ್‌ಗೆ, ಅಂದರೆ ಹೀಗೆ ತನ್ನನ್ನೇ ಕರೆದುಕೊಳ್ಳುವುದಕ್ಕೆ, ಬಾಗಿಲು ತೆರೆಯಿತು. ಹಲವರು ಇದನ್ನು ಗಮನಿಸಿದ್ದು ವರದಿ ಹೊರಬಂದ ಮೇಲೆ. ಡೈಕ್‌ಸ್ಟ್ರಾ ಮತ್ತು ಯಾಪ್ ಝೋನೆವೆಲ್ಡ್ ಇಬ್ಬರೇ ಕೂತು, ಸ್ಟ್ಯಾಕ್ ಬಳಸಿ ಅದನ್ನು ಸಾಧಿಸಿ, 1960ರ ಆಗಸ್ಟಿನಲ್ಲಿ ಎಕ್ಸ್1 ಮೇಲೆ ಕಂಪೈಲರ್ ಓಡಿಸಿದರು. ಆ ಭಾಷೆಗೆ ಬಂದ ಮೊದಮೊದಲ ಕಂಪೈಲರುಗಳಲ್ಲಿ ಇದೊಂದು. ಕೆಲಸ ಮುಗಿಯುವ ತನಕ ಇಬ್ಬರೂ ಗಡ್ಡ ಬೋಳಿಸುವುದಿಲ್ಲವೆಂದು ಹರಕೆ ಹೊತ್ತಿದ್ದರಂತೆ. ಝೋನೆವೆಲ್ಡ್ ಆಮೇಲೆ ತೆಗೆಸಿದ. ಡೈಕ್‌ಸ್ಟ್ರಾನ ಗಡ್ಡ ಉಳಿದೇ ಬಂತು.

1962ರಲ್ಲಿ ಐಂಡ್‌ಹೋವನ್ ತಾಂತ್ರಿಕ ವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕನಾದ. ಗಣಕವಿಜ್ಞಾನ ವಿಭಾಗ ಅಲ್ಲಿರಲಿಲ್ಲ. ಇಂಟರಪ್ಟಿನ ದಿಗಿಲು ಬೆನ್ನಿಗೇ ಬಂದಿತ್ತು. ಒಂದೇ ಯಂತ್ರದಲ್ಲಿ ಹಲವು ಪ್ರೋಗ್ರಾಮುಗಳು ಹೆಣೆದುಕೊಂಡು ಓಡುವಾಗ ಏನಾಗುತ್ತದೆ? ಖಾತೆಯೊಂದರಲ್ಲಿ 500 ರೂಪಾಯಿ ಇದೆ. ಒಂದು ಪ್ರೋಗ್ರಾಂ ಅದಕ್ಕೆ 100 ಕೂಡಿಸಬೇಕು, ಇನ್ನೊಂದು 50 ಕಳೆಯಬೇಕು. ಎರಡೂ ಒಂದೇ ಗಳಿಗೆಯಲ್ಲಿ 500 ಎಂದು ಓದಿದವು. ಮೊದಲನೆಯದು 600 ಎಂದು ಬರೆಯಿತು, ಎರಡನೆಯದು ಅದರ ಮೇಲೆ 450 ಎಂದು ಬರೆಯಿತು. ನೂರು ರೂಪಾಯಿ ಮಾಯ. ಯಾವ ಪ್ರೋಗ್ರಾಮಿನಲ್ಲೂ ತಪ್ಪಿಲ್ಲ. ಒಂದು ಒಳಗಿರುವಾಗ ಇನ್ನೊಂದು ಹೊರಗೆ ಕಾಯಲಿಲ್ಲ, ಅಷ್ಟೆ. ಇದಕ್ಕೆ ಈತ ಕೊಟ್ಟ ಸಾಧನ ಸೆಮಫೋರ್. ರೈಲಿನ ಕೈಮರದಿಂದ ಹೆಸರು ಪಡೆದ ಇದು ಒಂದು ಪೂರ್ಣಾಂಕ, ಅದರ ಮೇಲೆ ಎರಡೇ ಕ್ರಿಯೆ. ಒಳಹೋಗುವ ಪ್ರೋಗ್ರಾಂ ಅದನ್ನು ಒಂದರಷ್ಟು ಇಳಿಸುತ್ತದೆ, ಇಳಿಸಲಾಗದಿದ್ದರೆ ಕಾಯುತ್ತದೆ, ಹೊರಬರುವಾಗ ಏರಿಸುತ್ತದೆ. ಆ ಕ್ರಿಯೆಗಳಿಗಿಟ್ಟ ಪಿ ಮತ್ತು ವಿ ಎಂಬ ಡಚ್ ಅಕ್ಷರಗಳು ಪಠ್ಯಪುಸ್ತಕಗಳಲ್ಲಿ ಇಂದಿಗೂ ಹಾಗೆಯೇ ಉಳಿದಿವೆ.

ಸೆಮಫೋರಿನಂಥ ಸಾಧನವಿಲ್ಲದೆಯೂ ಎಷ್ಟು ಪ್ರೋಗ್ರಾಮುಗಳಿಗಾದರೂ ಇದೇ ಶಿಸ್ತು ಕಲಿಸಬಹುದೆಂಬುದನ್ನು 1965ರ ಒಂದು ಪುಟದ ಲೇಖನ ತೋರಿಸಿತು. ಅದೇ ವರ್ಷ, ಐದು ಗಣಕಗಳು ಟೇಪ್ ಸಾಧನಗಳಿಗಾಗಿ ಪೈಪೋಟಿ ನಡೆಸುವ ಲೆಕ್ಕವೊಂದನ್ನು ಪರೀಕ್ಷೆಗೆ ಕೊಟ್ಟ. ಗಣಕವಿಜ್ಞಾನಿ ಟೋನಿ ಹೋರ್ ಅದಕ್ಕೆ ದುಂಡುಮೇಜಿನ ಸುತ್ತ ಊಟಕ್ಕೆ ಕೂತ ಐವರು ತತ್ತ್ವಜ್ಞಾನಿಗಳ ವೇಷ ತೊಡಿಸಿದ. ಪ್ರತಿಯೊಬ್ಬನಿಗೂ ಉಣ್ಣಲು ಎರಡು ಮುಳ್ಳುಚಮಚ ಬೇಕು. ಇರುವುದು ಒಟ್ಟು ಐದು. ಎಲ್ಲರೂ ಎಡಗೈಯದನ್ನು ಹಿಡಿದು ಕೂತರೆ ಎಲ್ಲರೂ ಉಪವಾಸ. ಸಾಲ ಕೊಡುವ ಮುನ್ನ ಮಿಕ್ಕವರ ಬೇಡಿಕೆ ತೀರಿಸಲು ಹಣ ಉಳಿಯುತ್ತದೆಯೇ ಎಂದು ಎಣಿಸುವ ಬ್ಯಾಂಕರ್ ಅಲ್ಗಾರಿದಮ್ ಕೂಡ ಈ ಕಾಲದ್ದು.

ಇವೆಲ್ಲ ಒಟ್ಟಾಗಿ ಸೇರಿದ್ದು ವಿದ್ಯಾಲಯದ ಹೆಸರಿನ ಮೊದಲಕ್ಷರಗಳಿಂದಲೇ ಟಿಎಚ್‌ಇ ಎಂದು ಕರೆಯಲಾದ ಆಪರೇಟಿಂಗ್ ಸಿಸ್ಟಮ್‌ನಲ್ಲಿ. ಎಕ್ಸ್8 ಯಂತ್ರ, 32 ಸಾವಿರ ಪದಗಳ ಸ್ಮೃತಿ, ಆರು ಜನರ ತಂಡ, ಅವರಲ್ಲೂ ಪೂರ್ತಿ ಹೊತ್ತು ಇದಕ್ಕೇ ಮೀಸಲಾದವರಿಲ್ಲ. ಸಿಸ್ಟಮನ್ನು ಪದರ ಪದರವಾಗಿ ಕಟ್ಟಿದರು. ತಳದ ಪದರ ಪ್ರೊಸೆಸರನ್ನು ಹಂಚುತ್ತದೆ, ಅದರ ಮೇಲಿನದು ಸ್ಮೃತಿಯನ್ನು ನಿಭಾಯಿಸುತ್ತದೆ, ಮೂರನೆಯದು ಆಪರೇಟರನ ಸಂದೇಶಗಳನ್ನು. ಹೀಗೆ ಪ್ರತಿ ಪದರವೂ ಕೆಳಗಿನದನ್ನಷ್ಟೇ ನಂಬಿ ನಿಲ್ಲುತ್ತದೆ. ಒಂದು ಪದರ ಸರಿ ಎಂದು ಖಚಿತವಾದ ಮೇಲೆಯೇ ಅದರ ಮೇಲೆ ಇನ್ನೊಂದು. ಪರೀಕ್ಷೆಯಲ್ಲಿ ಸಿಕ್ಕಿದ್ದು ಬರವಣಿಗೆಯ ಚಿಲ್ಲರೆ ತಪ್ಪುಗಳು ಮಾತ್ರ ಎಂದು 1968ರ ಲೇಖನದಲ್ಲಿ ಈತ ಹೆಮ್ಮೆಯಿಂದಲೇ ಬರೆದಿದ್ದಾನೆ. ಆ ಹೊತ್ತಿಗೆ ಅಮೆರಿಕದ ದೊಡ್ಡ ಕಂಪನಿಗಳು ನೂರಾರು ಪ್ರೋಗ್ರಾಮರುಗಳನ್ನು ಕೂಡಿಹಾಕಿಯೂ ಏಗಲಾರದೆ ಒದ್ದಾಡುತ್ತಿದ್ದವು.

ಲೋಕಕ್ಕೆಲ್ಲ ಗೊತ್ತಾದದ್ದು ಮಾತ್ರ ಅದೇ ವರ್ಷದ ಮಾರ್ಚಿನಲ್ಲಿ ಅಮೆರಿಕದ ಎಸಿಎಂ ಸಂಘದ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಪತ್ರದಿಂದ. ಪ್ರೋಗ್ರಾಮಿನ ಬೇರೊಂದು ಸಾಲಿಗೆ ಜಿಗಿಯಲು ಹೇಳುವ ಗೋ ಟು ಎಂಬ ಆಜ್ಞೆ ಬೇಡ ಎಂಬುದು ಅದರ ವಾದ. ಈತ ಕೊಟ್ಟಿದ್ದ ಸಪ್ಪೆ ಶೀರ್ಷಿಕೆಯನ್ನು ತೆಗೆದು, ಗೋ ಟು ಹಾನಿಕರ ಎಂದು ಸಾರುವ ಶೀರ್ಷಿಕೆ ಕೊಟ್ಟವ ಸಂಪಾದಕ ನಿಕ್ಲಾಸ್ ವಿರ್ತ್. ಆ ಶೀರ್ಷಿಕೆಯ ಅಚ್ಚಿನಲ್ಲಿ ಮುಂದೆ ಅದೆಷ್ಟೋ ಲೇಖನಗಳು ಬಂದವು. ಪತ್ರವನ್ನು ಓದಿದವರಿಗಿಂತ ಶೀರ್ಷಿಕೆ ಬಲ್ಲವರೇ ಹೆಚ್ಚು. ವಾದ ಮಾತ್ರ ಸೂಕ್ಷ್ಮವಾದದ್ದು. ಪ್ರೋಗ್ರಾಂ ಕಾಗದದ ಮೇಲೆ ನಿಶ್ಚಲವಾಗಿರುತ್ತದೆ, ಅದರ ಓಟ ಕಾಲದಲ್ಲಿ ನಡೆಯುತ್ತದೆ. ಮನುಷ್ಯನ ಬುದ್ಧಿಗೆ ನಿಂತದ್ದು ಸಲೀಸು, ಓಡುವುದು ಕಷ್ಟ. ಆದ್ದರಿಂದ ಇವೆರಡರ ನಡುವಣ ಅಂತರ ಆದಷ್ಟು ಕಿರಿದಾಗಿರಬೇಕು. ಲೂಪುಗಳು, ಪ್ರೊಸೀಜರುಗಳು ಮಾತ್ರ ಇದ್ದರೆ, ಯಾವ ಸಾಲು, ಎಷ್ಟನೆಯ ಸುತ್ತು, ಯಾವ ಕರೆಯೊಳಗೆ ಎಂದರೆ ಸಾಕು, ಓಟ ಎಲ್ಲಿಗೆ ಬಂತೆಂದು ನಿಖರವಾಗಿ ತಿಳಿಯುತ್ತದೆ. ಮನಬಂದಲ್ಲಿಂದ ಮನಬಂದಲ್ಲಿಗೆ ಜಿಗಿದರೆ ಅಂಥ ಗುರುತುಗಳೇ ಇರುವುದಿಲ್ಲ. 1974ರಲ್ಲಿ ಡೊನಾಲ್ಡ್ ಕ್ನುತ್ ದೀರ್ಘ ಲೇಖನ ಬರೆದು ಗೋ ಟು ಒಪ್ಪುವ ಸಂದರ್ಭಗಳೂ ಉಂಟೆಂದು ತೋರಿಸಿದ. ಲಿನಕ್ಸಿನ ಕರ್ನಲ್ಲಿನಲ್ಲಿ ತಪ್ಪು ಸಂಭವಿಸಿದಾಗ ಹಿಂದೆಸರಿಯಲು ಅದನ್ನು ಇಂದಿಗೂ ಬಳಸುತ್ತಾರೆ. ಹೊಸ ಭಾಷೆಗಳಲ್ಲಿ ಹಲವಕ್ಕೆ ಆ ಆಜ್ಞೆಯೇ ಇಲ್ಲ.

1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಬಾಸ್ಟನ್ನಿನಲ್ಲಿ ಮಾಡಿದ ಉಪನ್ಯಾಸದಲ್ಲಿ, ಪ್ರೋಗ್ರಾಮರ್ ತನ್ನ ತಲೆಯ ಅಳತೆ ಎಷ್ಟು ಚಿಕ್ಕದೆಂಬುದನ್ನು ಅರಿತು ವಿನಯದಿಂದ ಕೆಲಸಕ್ಕಿಳಿಯಬೇಕೆಂದ. ಪರೀಕ್ಷೆಯಿಂದ ತಪ್ಪು ಇರುವುದನ್ನು ತೋರಿಸಬಹುದೇ ಹೊರತು ಇಲ್ಲದಿರುವುದನ್ನಲ್ಲ ಎಂಬುದು ಈತನ ಹಳೆಯ ಮಾತು. ಹಾಗಾದರೆ ಬದಲಿ ಏನು? ಉತ್ತರ 1976ರ ಎ ಡಿಸಿಪ್ಲಿನ್ ಆಫ್ ಪ್ರೋಗ್ರಾಮಿಂಗ್ ಪುಸ್ತಕದಲ್ಲಿದೆ. ಪ್ರೋಗ್ರಾಂ ಬರೆದು ಆಮೇಲೆ ಪುರಾವೆ ಹುಡುಕುವುದಲ್ಲ. ಪುರಾವೆಯನ್ನೂ ಪ್ರೋಗ್ರಾಮನ್ನೂ ಒಟ್ಟಿಗೇ ಬೆಳೆಸಬೇಕು, ಅದೂ ಕೊನೆಯಿಂದ ಹಿಂದಕ್ಕೆ. ಕೊನೆಯಲ್ಲಿ ಅ ಎಂಬ ಸಂಖ್ಯೆ 5ಕ್ಕಿಂತ ದೊಡ್ಡದಿರಬೇಕು ಎನ್ನಿ. ಕಡೆಯ ಆಜ್ಞೆ ಅ-ಕ್ಕೆ 1 ಕೂಡಿಸುವುದಾದರೆ, ಅದಕ್ಕೆ ಮುಂಚೆ ಅ 4ಕ್ಕಿಂತ ದೊಡ್ಡದಿದ್ದರೆ ಸಾಕು. ಅದಕ್ಕಿಂತ ಹೆಚ್ಚೇನೂ ಕೇಳಬೇಕಿಲ್ಲ. ಈ ಕನಿಷ್ಠ ಪೂರ್ವಷರತ್ತನ್ನು ಪ್ರತಿ ಆಜ್ಞೆಗೂ ಬೀಜಗಣಿತದಂತೆ ಲೆಕ್ಕಹಾಕುತ್ತ ಹಿಂದೆ ಸರಿಯಬಹುದು. ಪುಸ್ತಕದ ಅಲ್ಗಾರಿದಮ್ಮುಗಳೆಲ್ಲ ಹೀಗೆ ಪಡೆದವು. ಓದುವುದು ಸುಲಭವಲ್ಲ, ಆದರೆ ಪ್ರತಿ ಹೆಜ್ಜೆಗೂ ಕಾರಣ ಸಿಗುತ್ತದೆ.

1973ರಿಂದ ಗಣಕ ತಯಾರಿಸುವ ಬರೋಸ್ ಕಂಪನಿಯ ಸಂಶೋಧಕನಾಗಿ ನ್ಯೂನನ್ ಎಂಬ ಹಳ್ಳಿಯ ಮನೆಯಲ್ಲೇ ಕೂತು ಕೆಲಸ ಮಾಡಿದ. ವಾನ್ ಗಾಗ್ ಆಲೂಗಡ್ಡೆ ತಿನ್ನುವವರನ್ನು ಚಿತ್ರಿಸಿದ ಹಳ್ಳಿಯೇ ಇದು. ಪ್ರಪಂಚಕ್ಕೂ ಈತನಿಗೂ ಸೇತುವಾದದ್ದು ಅಂಚೆ. ಬರಹಗಳಿಗೆ ತನ್ನ ಹೆಸರಿನ ಮೂರು ಮೊದಲಕ್ಷರಗಳನ್ನೂ ಕ್ರಮಸಂಖ್ಯೆಯನ್ನೂ ಹಾಕಿ, ಮೊದಮೊದಲು ಟೈಪು ಮಾಡಿ, ಆಮೇಲೆ ಮೊಂಬ್ಲಾ ಫೌಂಟನ್ ಪೆನ್ನಿನಲ್ಲಿ ಚಿತ್ತಿಲ್ಲದ ದುಂಡಕ್ಷರದಲ್ಲಿ ಬರೆದು, ಪ್ರತಿ ತೆಗೆಸಿ ಕೆಲವರಿಗೆ ಕಳಿಸುತ್ತಿದ್ದ. ಅವರು ಇನ್ನಷ್ಟು ಪ್ರತಿ ತೆಗೆದು ಹಂಚುತ್ತಿದ್ದರು. ಇಂಥವು 1,300 ಮೀರಿವೆ. ಗಣಿತದ ಪುರಾವೆ, ಪ್ರವಾಸದ ವರದಿ, ಜಗಳ, ವ್ಯಂಗ್ಯ, ಎಲ್ಲವೂ ಅದರಲ್ಲುಂಟು. ಪ್ರಮೇಯಗಳನ್ನು ತಯಾರಿಸಿ ಮಾರುವ ಗಣಿತ ಕಂಪನಿಯೊಂದನ್ನು ಕಲ್ಪಿಸಿ, ತನ್ನನ್ನು ಅದರ ಅಧ್ಯಕ್ಷನೆಂದು ಕರೆದುಕೊಂಡು ಬರೆದವು ಸಾಫ್ಟ್‌ವೇರ್ ವ್ಯಾಪಾರದ ಮೇಲಿನ ಕೊಂಕು. ಆ ಕಂಪನಿಯ ಬಳಿ, ಗಣಿತಜ್ಞರು ಇನ್ನೂ ಸಾಧಿಸಲಾಗದ ರೀಮನ್ ಊಹೆಗೆ ಪುರಾವೆ ಇದೆ. ಆದರೆ ಅದು ವ್ಯಾಪಾರದ ಗುಟ್ಟು.

1974ರಲ್ಲಿ ಪ್ರಕಟವಾದ ಎರಡೇ ಪುಟದ ಲೇಖನ ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಚದುರಿದ ಗಣಕಗಳ ಜಾಲವೊಂದು ಎಂಥ ಅಸ್ತವ್ಯಸ್ತ ಸ್ಥಿತಿಗೆ ಬಿದ್ದರೂ, ಯಜಮಾನನಿಲ್ಲದೆ, ನೆರೆಯವರನ್ನಷ್ಟೇ ನೋಡಿಕೊಂಡು ತಾನಾಗಿಯೇ ಸರಿಸ್ಥಿತಿಗೆ ಮರಳಬಲ್ಲದು ಎಂದು ಅದು ತೋರಿಸುತ್ತದೆ. 1983ರಲ್ಲಿ ಗಣಕವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ ಸಮ್ಮೇಳನವೊಂದರ ಭಾಷಣದಲ್ಲಿ ಇದನ್ನು ಈತನ ಅತ್ಯುತ್ತಮ ಕೆಲಸಗಳಲ್ಲೊಂದೆಂದು ಎತ್ತಿ ತೋರಿಸಿದ ಮೇಲೆ ಅದೇ ಒಂದು ಅಧ್ಯಯನಶಾಖೆಯಾಯಿತು. 2002ರಲ್ಲಿ, ಸಾವಿಗೆ ಕೆಲವೇ ವಾರ ಮುಂಚೆ, ಈ ಲೇಖನಕ್ಕೆ ಸಿಕ್ಕ ಪ್ರಶಸ್ತಿ ಮರುವರ್ಷದಿಂದ ಡೈಕ್‌ಸ್ಟ್ರಾ ಪ್ರಶಸ್ತಿ ಎಂದೇ ಹೆಸರಾಗಿದೆ.

1984ರಿಂದ 1999ರವರೆಗೆ ಅಮೆರಿಕದ ಆಸ್ಟಿನ್‌ನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. ಒಡಿಶಾ ಮೂಲದ ಜಯದೇವ್ ಮಿಶ್ರಾ ಅಲ್ಲಿ ಸಹೋದ್ಯೋಗಿ. ಪಾಠಕ್ಕೆ ಸೀಮೆಸುಣ್ಣ, ಕರಿಹಲಗೆ ಸಾಕಿತ್ತು. ಮಾತಿನ ನಡುವೆ ಯೋಚಿಸಲು ದೀರ್ಘವಾಗಿ ನಿಲ್ಲುತ್ತಿದ್ದ. ಗಣಕವನ್ನು ಬಳಸುತ್ತಿದ್ದುದೇ ಅಪರೂಪ. ಬಹಳ ತಡವಾಗಿ ಬಂದ ಒಂದು ಮ್ಯಾಕಿಂಟಾಷ್ ಇಮೇಲಿಗೆ, ಜಾಲ ನೋಡುವುದಕ್ಕೆ. ಮನೆಯಲ್ಲಿ ಟಿವಿ ಇರಲಿಲ್ಲ, ಪಿಯಾನೊ ಇತ್ತು. ಮೋಜಾರ್ಟ್ ಎಂದರೆ ಪ್ರಾಣ. ರಜೆಯಲ್ಲಿ ಹೆಂಡತಿಯೊಂದಿಗೆ ರಾಷ್ಟ್ರೀಯ ಉದ್ಯಾನಗಳನ್ನು ಸುತ್ತಲು ಬಳಸುತ್ತಿದ್ದ ಫೋಕ್ಸ್‌ವಾಗನ್ ವ್ಯಾನಿಗೆ ಟೂರಿಂಗ್ ಮೆಷಿನ್ ಎಂದು ನಾಮಕರಣ ಮಾಡಿದ್ದ.

ನಾಲಗೆಯ ಹರಿತ ಈತನಿಗೆ ಶತ್ರುಗಳನ್ನೂ ಗಳಿಸಿಕೊಟ್ಟಿತು. ಬೇಸಿಕ್ ಕಲಿತವರು ಮತ್ತೆ ರಿಪೇರಿಯಾಗುವುದಿಲ್ಲ, ಕೋಬಾಲ್ ಕಲಿಸುವುದನ್ನು ಅಪರಾಧವೆಂದು ಪರಿಗಣಿಸಬೇಕು ಎಂಬರ್ಥದ ಮಾತುಗಳನ್ನು 1975ರಲ್ಲೇ ಬರೆದಿದ್ದ. ಬೇಸಿಕ್‌ನಲ್ಲಿ ಶುರುಮಾಡಿ ಒಳ್ಳೆಯ ಪ್ರೋಗ್ರಾಮರುಗಳಾದವರು ಬೇಕಾದಷ್ಟಿರುವಾಗ ಇದು ವಾದವಲ್ಲ, ಬೈಗುಳ. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಗಣಕವನ್ನೇ ಮುಟ್ಟಗೊಡದೆ, ಯಾರೂ ಅಳವಡಿಸದ ಭಾಷೆಯೊಂದರಲ್ಲಿ ಕಾಗದದ ಮೇಲೆ ಪ್ರೋಗ್ರಾಂ ಮತ್ತು ಪುರಾವೆ ಬರೆಯಿಸಬೇಕೆಂದು 1988ರಲ್ಲಿ ಸೂಚಿಸಿದಾಗ, ಎಸಿಎಂ ಪತ್ರಿಕೆ ರಿಚರ್ಡ್ ಕಾರ್ಪ್, ರಿಚರ್ಡ್ ಹ್ಯಾಮಿಂಗ್ ಮುಂತಾದವರಿಂದ ಪ್ರತಿಕ್ರಿಯೆ ಬರೆಯಿಸಿ ಚರ್ಚೆಯನ್ನೇ ಪ್ರಕಟಿಸಿತು. ಒಪ್ಪಿದವರು ಕಡಿಮೆ. ಗಣಕವಿಜ್ಞಾನಕ್ಕೂ ಗಣಕಕ್ಕೂ ಇರುವ ನಂಟನ್ನು ಖಗೋಳವಿಜ್ಞಾನಕ್ಕೂ ದೂರದರ್ಶಕಕ್ಕೂ ಇರುವ ನಂಟಿಗೆ ಹೋಲಿಸುವ ಜನಪ್ರಿಯ ಮಾತು ಸದಾ ಈತನ ಹೆಸರಿನಲ್ಲೇ ಓಡಾಡುತ್ತದೆ. ಈತನ ಬರಹಗಳಲ್ಲಿ ಅದಕ್ಕೆ ಗಟ್ಟಿ ಆಧಾರವಿಲ್ಲ.

ನಿವೃತ್ತಿಯ ನಂತರ ನ್ಯೂನನ್‌ಗೆ ಮರಳಿ, 2002ರ ಆಗಸ್ಟ್ 6ರಂದು ಕ್ಯಾನ್ಸರಿನಿಂದ ತೀರಿಕೊಂಡ. ಕೈಬರಹದ ಟಿಪ್ಪಣಿಗಳು ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಸ್ಕ್ಯಾನ್ ಮಾಡಿದ ಪ್ರತಿಗಳನ್ನು ಯಾರು ಬೇಕಾದರೂ ಓದಬಹುದು.

ಸಾಫ್ಟ್‌ವೇರ್ ಉದ್ಯಮ ಈತನ ಮಾತನ್ನು ಅರ್ಧ ಕೇಳಿತು. ಲೂಪು, ಪ್ರೊಸೀಜರು, ಪದರಗಳ ಶಿಸ್ತು ಎಲ್ಲರದೂ ಆಯಿತು. ಪುರಾವೆಯನ್ನು ಬಿಟ್ಟು ಪರೀಕ್ಷೆಯನ್ನೇ ನೆಚ್ಚಿಕೊಂಡರು. ಜೀವಕ್ಕೆ ಅಪಾಯವಿರುವ ಕಡೆ ಮಾತ್ರ ಕನಿಷ್ಠ ಪೂರ್ವಷರತ್ತಿನ ಗಣಿತ ಬೇರೆ ರೂಪದಲ್ಲಿ ಬಂದಿದೆ. ಜಾನ್-ರೇಮಂಡ್ ಅಬ್ರಿಯಾಲ್ ಇದರ ಮೇಲೆ ಬೆಳೆಸಿದ ಬಿ ವಿಧಾನದಲ್ಲಿ, 1998ರಲ್ಲಿ ಆರಂಭವಾದ ಪ್ಯಾರಿಸ್ ಮೆಟ್ರೋದ ಚಾಲಕರಹಿತ 14ನೆಯ ಮಾರ್ಗದ ಸುರಕ್ಷತೆಯ ಸಾಫ್ಟ್‌ವೇರನ್ನು ಪುರಾವೆ ಸಮೇತ ಬರೆದರು. ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದಲ್ಲಿ ಹುಟ್ಟಿದ ಡ್ಯಾಫ್ನಿ ಭಾಷೆಯೂ ಇದೇ ಲೆಕ್ಕವನ್ನು ಒಳಗೊಳಗೇ ಮಾಡುತ್ತದೆ. ಅವುಗಳಲ್ಲಿ ಪುರಾವೆಯನ್ನು ಪರಿಶೀಲಿಸುವುದು ಯಂತ್ರ, ಅದೂ ಸಾವಿರಾರು ಹೆಜ್ಜೆಗಳಲ್ಲಿ. ಡೈಕ್‌ಸ್ಟ್ರಾ ಕೇಳಿದ್ದು ಮನುಷ್ಯ ಕೂತು ಓದಿ ಒಪ್ಪಬಹುದಾದ ಪುಟ್ಟ ಪುರಾವೆಯನ್ನು. ಅಷ್ಟು ಚಿಕ್ಕದಾಗಿ ಪ್ರೋಗ್ರಾಂ ಬರೆಯುವ ಕಂಪನಿಗಳು ಬಹಳ ಇಲ್ಲ.